ಮಾವಿನ ಬಾಕೂ ನನ್ನ ಮೀಸೆಯೂ

ಹೊಸ ವರ್ಷದ ಮೊದಲ ದಿನ ಹಳೆಯ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿದಾಗ ಅದರ ಹಿಂದಿನಿಂದ ಒಂದು ಚೌಕ ಹೊರಬೀಳುವುದನ್ನು ನೀವೂ ನೋಡಿರುತ್ತೀರಿ. ಸುತ್ತಲಿನ ಗೋಡೆ ಬಿಸಿಲಿಗೂ ಒಗ್ಗರಣೆಯ ಹೊಗೆಗೂ ಸಿಕ್ಕು ತನ್ನ ಬಣ್ಣ ಯಾವುದೆಂದು ತನಗೇ ಮರೆತುಹೋದ ಸ್ಥಿತಿಗೆ ಬಂದಿದ್ದರೂ, ಕ್ಯಾಲೆಂಡರಿನ ಬೆನ್ನಿಗೆ ಅಡಗಿದ್ದ ಆ ತುಂಡು ಮಾತ್ರ ಗೃಹಪ್ರವೇಶದ ದಿನದ ತಿಳಿಹಸಿರನ್ನು ಹಾಗೆಯೇ ಕಾಪಾಡಿಕೊಂಡು ಬಂದಿರುತ್ತದೆ. ಅದನ್ನು ಕಂಡಕೂಡಲೇ ನಾನು ಮಾಡುವ ಕೆಲಸವೆಂದರೆ ಅದೇ ಅಳತೆಯ ಹೊಸ ಕ್ಯಾಲೆಂಡರನ್ನು ಅದೇ ಮೊಳೆಗೆ ತೂಗುಹಾಕಿ ಅದನ್ನು ಮತ್ತೆ ಮುಚ್ಚಿಬಿಡುವುದು. ಅಳತೆ ಒಂದು ಬೆರಳು ಕಡಿಮೆಯಾದರೂ ನನಗೆ ಸಮಾಧಾನವಿಲ್ಲ. ಆದ್ದರಿಂದ ಯಾರು ಯಾವ ಕ್ಯಾಲೆಂಡರು ಕೊಟ್ಟರೂ ಅವನ್ನೆಲ್ಲ ಅಡುಗೆಮನೆಗೆ ಕಳಿಸಿ, ಪಕ್ಕದ ಮನೆಯ ಜಿನ್ನಪ್ಪನವರು ತಮ್ಮ ಪಾತ್ರೆ-ಭಾಂಡೆ ಅಂಗಡಿಯ ದೊಡ್ಡ ಕ್ಯಾಲೆಂಡರನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬರುವ ಗಳಿಗೆಗಾಗಿ ಕಾಯುತ್ತೇನೆ. ಕಳೆದ ವರ್ಷ ಅವರು ಹೊತ್ತಿಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂಬುದನ್ನು ಹೇಳಬೇಕಾದರೆ ಮೊದಲು ನನ್ನ ಮೀಸೆಯ ವಿಷಯ ಹೇಳಬೇಕು.

ನಾನು ಮೂವತ್ತು ವರ್ಷ ಬೆಳಗಾವಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸಿದವನು. ವಿದ್ಯಾರ್ಥಿಗಳು ಹಳಗನ್ನಡಕ್ಕೆ ಹೆದರುತ್ತಿದ್ದರೋ ನನ್ನ ಮೀಸೆಗೆ ಹೆದರುತ್ತಿದ್ದರೋ ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಮೀಸೆ ಅಷ್ಟು ಭರ್ಜರಿಯಾಗಿತ್ತು, ಮತ್ತು ಅಷ್ಟು ಕಪ್ಪಾಗಿತ್ತು. ಕಪ್ಪಿನ ಶ್ರೇಯಸ್ಸು ಇತ್ತೀಚಿನ ಹದಿನೈದು ವರ್ಷಗಳಿಂದ ಹದಿನೈದು ದಿನಕ್ಕೊಮ್ಮೆ ಬರುವ ಭಾನುವಾರಗಳಿಗೂ, ಬಚ್ಚಲಿನಲ್ಲಿರುವ ಒಂದು ಹಳೆಯ ಹಲ್ಲುಜ್ಜುವ ಬ್ರಶ್ಶಿಗೂ ಸಲ್ಲಬೇಕೆಂಬ ಗುಟ್ಟು ನನ್ನ ಹೆಂಡತಿ ಗಿರಿಜೆಗೆ ಬಿಟ್ಟರೆ ಇನ್ನಾರಿಗೂ ತಿಳಿಯದೆಂದು ನಾನು ನಂಬಿಕೊಂಡಿದ್ದೆ. ಇನ್ನು ನಮ್ಮ ಕಡೆ ವಾದ ಕಾವೇರಿದಾಗ ಗಂಡಸರು ಆಡುವ ಒಂದು ಮಾತುಂಟು: ನಾನು ಹೇಳಿದ್ದು ಸುಳ್ಳಾದರೆ ಮೀಸೆ ಬೋಳಿಸುತ್ತೇನೆ! ಕ್ರಿಕೆಟ್ಟು, ಚುನಾವಣೆ, ಮಳೆ, ವರ್ಗಾವಣೆ, ಹೀಗೆ ಯಾವ ವಿಷಯಕ್ಕೂ ನಮ್ಮ ಸ್ಟಾಫ್ ರೂಮಿನಲ್ಲಿ ವಾರಕ್ಕೊಂದು ಮೀಸೆ ಪಣಕ್ಕೆ ಬೀಳುತ್ತಿತ್ತು. ಸೋತವನು ಮರುದಿನ ಸಂಪೂರ್ಣ ಮೀಸೆಯೊಂದಿಗೆ ಬಂದು ಚಹಾ ಕುಡಿಯುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ಹೀಗೆ ಅಭ್ಯಾಸಬಲದಿಂದ ಬಾಯಿಗೆ ಬಂದ ಮಾತನ್ನು ನಾನು ಆಡಬಾರದ ಮನುಷ್ಯನ ಮುಂದೆ ಆಡಿಬಿಟ್ಟೆ.

ಆ ಮನುಷ್ಯರೇ ಜಿನ್ನಪ್ಪನವರು. ಬೆಳಗಾವಿಯ ಅನಗೋಳದ ನಮ್ಮ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ, ಗೋಡೆಗೆ ಒರಗಿಕೊಂಡು ನಮ್ಮ ಕಡೆ ಒಂದು ಮಾವಿನ ಮರ. ಜೈನರಾದ ಅವರದು ಹೊತ್ತು ಮುಳುಗುವ ಮೊದಲೇ ಊಟ; ಆಮೇಲೆ ಬೆಳಗಿನವರೆಗೆ ನೀರನ್ನೂ ಮುಟ್ಟರು. ಊಟ ಮುಗಿಸಿ ಅವರು ಗೋಡೆಯ ಆ ಬದಿಗೆ ಬಂದು ನಿಲ್ಲುವುದು, ನಾನು ಈ ಬದಿಗೆ ನಿಲ್ಲುವುದು, ಸಾಂಬ್ರಾ ವಿಮಾನ ನಿಲ್ದಾಣದ ಕಡೆಗೆ ಇಳಿಯುವ ಸಂಜೆಯ ವಿಮಾನ ಮುಂಬೈಯದೋ ಹೈದರಾಬಾದಿನದೋ ಎಂದು ಇಬ್ಬರೂ ವಾದ ಮಾಡುವುದು, ಇದು ಇಪ್ಪತ್ತು ವರ್ಷಗಳಿಂದ ನಡೆದುಬಂದ ಕ್ರಮ. ಅವರಿಗೆ ಚಹಾ ಕೊಡುವ ಪ್ರಶ್ನೆಯೇ ಇಲ್ಲವಾದ್ದರಿಂದ ನಮ್ಮದು ಶುದ್ಧಾಂಗವಾಗಿ ಮಾತಿನಿಂದಲೇ ಬೆಳೆದ ಸ್ನೇಹ. ನನಗೆ ಅವರಲ್ಲಿ ಇದ್ದ ಒಂದೇ ತಕರಾರೆಂದರೆ ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಹೊಸ ಅಂಗಿ ಹೇಗಿದೆಯೆಂದು ಕೇಳಿದರೆ ಹೇಗಿದೆಯೋ ಹಾಗೆ ಹೇಳಿಬಿಡುತ್ತಿದ್ದರು.

ಒಂದು ಮಳೆಗಾಲದ ಮಧ್ಯಾಹ್ನ ಆ ಮಾವಿನ ಮರ ಬುಡಸಮೇತ ಮಲಗಿತು, ಮಲಗುವಾಗ ಗೋಡೆಯನ್ನೂ ಜೊತೆಗೆ ಮಲಗಿಸಿಕೊಂಡಿತು. ಒರಗಿಕೊಳ್ಳಲು ಗೋಡೆಯಿಲ್ಲದೆ ನಿಂತು ಮಾತಾಡುವುದು ಇಬ್ಬರ ಮೊಣಕಾಲಿಗೂ ಕಷ್ಟವಾದಾಗ, ಬಿದ್ದ ಮರದಿಂದಲೇ ನಮ್ಮ ಗೇಟಿನ ಪಕ್ಕ ಒಂದು ಬಾಕು, ಅಂದರೆ ಬೆಂಚು, ಮಾಡಿಸಿದರೆ ಹೇಗೆ ಎಂಬ ಯೋಚನೆ ನನಗೆ ಹೊಳೆಯಿತು. ಜಿನ್ನಪ್ಪನವರು ಮರವನ್ನು ಒಂದು ಸುತ್ತು ಹಾಕಿ ನೋಡಿ, "ಮಾವಿನ ಕಟಗಿ ಎರಡ ಮಳಿ ತಡಿಯೂದಿಲ್ರಿ ಸರ. ಬಚ್ಚಲ ಒಲಿಗೆ ಹಾಕ್ರಿ, ನೀರರ ಕಾಯ್ತಾವು" ಎಂದರು. ಆ ಮರ ಕೊಟ್ಟ ಹಣ್ಣಿನಲ್ಲಿ ಅರ್ಧವನ್ನು ಇಪ್ಪತ್ತು ವರ್ಷ ತಿಂದವರು ಹೀಗೆ ಹೇಳಬಹುದೇ ಎಂದು ನನಗೆ ಸಿಟ್ಟು ಬಂತು. ಬಾಕು ಮಾಡಿಸಿಯೇ ತೀರುವುದೆಂದು ನಾನು ನಿರ್ಧರಿಸಿದ್ದು ಆ ಸಿಟ್ಟಿನಲ್ಲಿಯೇ.

ಪರದೇಶಗಳಲ್ಲಿ ಕಟ್ಟಿಗೆಯನ್ನು ಗಾಳಿಯಾಡದ ಒಲೆಯಲ್ಲಿಟ್ಟು ಬೇಯಿಸುತ್ತಾರೆ, ಹಾಗೆ ಬೆಂದ ಕಟ್ಟಿಗೆ ಹೊರಗೆ ಮಳೆಗಾಳಿಯಲ್ಲಿ ಬಿದ್ದಿದ್ದರೂ ಬಹಳ ಕಾಲ ಬಾಳುತ್ತದೆ ಎಂದು ನಾನು ಎಲ್ಲಿಯೋ ಓದಿದ್ದೆ. ಓದಿದ್ದನ್ನು ಯಾರಿಗಾದರೂ ಕಲಿಸದಿದ್ದರೆ ನನಗೆ ಅನ್ನ ಅರಗುವುದಿಲ್ಲ. ಖಾನಾಪುರದಲ್ಲಿ ಪರಶುರಾಮನೆಂಬ ಬಡಿಗನಿದ್ದಾನೆ. ನನ್ನ ಹಳಗನ್ನಡದ ತರಗತಿಯನ್ನು ಎರಡೇ ತಿಂಗಳಲ್ಲಿ ಬಿಟ್ಟು ಉಳಿ ಹಿಡಿದು ಉದ್ಧಾರವಾದ ಜಾಣ. ಬಸ್ಸು ಹತ್ತಿ ಅವನ ಶೆಡ್ಡಿಗೆ ಹೋಗಿ, ಅಂಗಳದಲ್ಲಿದ್ದ ಬೂದುಬಣ್ಣದ ಹಳೆಯದೊಂದು ಬಾಕಿನ ಮೇಲೆ ಕುಳಿತು, ಕಟ್ಟಿಗೆ ಬೇಯಿಸುವ ವಿದ್ಯೆಯ ಬಗ್ಗೆ ಅವನಿಗೆ ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದೆ. ಈ ಸಲ ಅವನು ಎದ್ದು ಹೋಗಲಿಲ್ಲ.

"ಅದಕ್ಕ ಪರದೇಶಕ್ಕ ಯಾಕ ಹೋಗಬೇಕ್ರಿ ಸರ?" ಎಂದ. "ನಮ್ಮ ಕಡಿ ಬೇಲಿ ಗೂಟ ಹುಗಿಯೂ ಮುಂದ ಬುಡ ಸುಟ್ಟ ಹುಗೀತಾರು, ಗೆದ್ದಲ ಹತ್ತೂದಿಲ್ಲ. ನೀವ ಹೇಳಿದ್ದು ಸುಡೂದಲ್ಲ, ಬೇಯಸೂದು. ಹಂಚಿನ ಭಟ್ಟಿ ಐತಲ್ರಿ, ಹಂಚ ತಗದ ಮ್ಯಾಲೆ ಎರಡ ದಿನ ಕಾವು ಇರತೈತಿ. ಅದರಾಗ ಇಟ್ಟರಾತು." ಖಾನಾಪುರದಲ್ಲಿ ಮಣ್ಣಿನ ಕೆಲಸದವರಿಗೆ ಬರವಿಲ್ಲ, ಹಂಚು ಸುಡುವ ಅವನ ಗೆಳೆಯನೊಬ್ಬ ತನ್ನ ಭಟ್ಟಿ ಕೊಡಲು ಸಿದ್ಧನಿದ್ದ. ಹಲಗೆಗಳನ್ನು ಕೊಯ್ದು ವರ್ಷವಿಡೀ ನೆರಳಲ್ಲಿ ಒಣಗಿಸಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಉಸುಕಿನೊಳಗೆ ಹೂತು, ಗಾಳಿ ಹೋಗದಂತೆ ಮುಚ್ಚಳಕ್ಕೆ ಮಣ್ಣು ಮೆತ್ತಿ ಭಟ್ಟಿಯೊಳಗಿಟ್ಟರು. ಮೊದಲ ಸಲ ನನ್ನ ಉಪಸ್ಥಿತಿಯಲ್ಲಿ, ನನ್ನ ಮಾರ್ಗದರ್ಶನದಲ್ಲಿ, ಕಾವು ಇನ್ನಷ್ಟು ಇರಲಿ ಎಂಬ ನನ್ನ ಒತ್ತಾಯದಲ್ಲಿ ಇಟ್ಟದ್ದರಿಂದ ಪೆಟ್ಟಿಗೆ ತೆರೆದಾಗ ಉತ್ತಮ ದರ್ಜೆಯ ಇದ್ದಿಲು ಸಿಕ್ಕಿತು. ಆ ಬೇಸಿಗೆಯಿಡೀ ಗಿರಿಜೆ ಅದರ ಮೇಲೆ ಬದನೆಕಾಯಿ ಸುಟ್ಟಳು. ಎರಡನೆಯ ಸಲ ಪರಶುರಾಮ ಉಳಿದ ಹಲಗೆಗಳನ್ನಿಟ್ಟು ನನಗೆ ತಿಳಿಸದೆಯೇ ಭಟ್ಟಿ ಮುಚ್ಚಿದ. ಹಲಗೆಗಳು ನಮ್ಮೂರ ಸಿಹಿತಿಂಡಿ ಕುಂದಾದ ಕಂದುಬಣ್ಣಕ್ಕೆ ತಿರುಗಿ, ತಳ ಹತ್ತಿದ ಬೆಲ್ಲದ ಪಾಕದ ವಾಸನೆ ಹೊತ್ತು ಹೊರಬಂದವು.

ಏಪ್ರಿಲ್‌ನಲ್ಲಿ ಬಾಕನ್ನು ಟೆಂಪೋದಲ್ಲಿ ತಂದು ನಮ್ಮ ಗೇಟಿನ ಪಕ್ಕ ಇಳಿಸಿದ ದಿನ ಪರಶುರಾಮ ಹೇಳಿದ ಮಾತುಗಳನ್ನು ಇಲ್ಲಿ ಯಥಾವತ್ತಾಗಿ ಬರೆಯುತ್ತೇನೆ, ಏಕೆಂದರೆ ಮುಂದಿನ ಅನಾಹುತದಲ್ಲಿ ಅವನ ಪಾಲೇನೂ ಇಲ್ಲ. "ಇದು ಇನ್ನ ನೀರ ಕುಡ್ಯೂದಿಲ್ರಿ ಸರ. ಮಳ್ಯಾಗ ಉಬ್ಬೂದಿಲ್ಲ, ಸೊಟ್ಟ ಆಗೂದಿಲ್ಲ, ಹುಳ ಹತ್ತೂದ ಕಡಿಮಿ. ಆದ್ರ ಬೆಂದ ಕಟಗಿ ಸ್ವಲ್ಪ ಪೆಡಸು, ಮೊಳಿ ಜೋರಲೆ ಬಡದ್ರ ಸೀಳತೈತಿ." ಅಷ್ಟೇ. ಆದರೆ ಇದ್ದದ್ದಕ್ಕೆ ಒಂದು ವಿಶೇಷಣ ಸೇರಿಸುವುದು ನನ್ನ ಮೂವತ್ತು ವರ್ಷಗಳ ಕಸುಬು. ಅವನ ಟೆಂಪೋ ಓಣಿ ದಾಟುವಷ್ಟರಲ್ಲಿ ಬಾಕಿನ ಸುತ್ತ ಹತ್ತು ಜನ ಸೇರಿದ್ದರು. ನಾನು ಅದೇ ಉಪನ್ಯಾಸವನ್ನು ವಿಸ್ತರಿಸುತ್ತ ವಿಸ್ತರಿಸುತ್ತ, ಒಳಗಿನ ನೀರೂ ಸಿಹಿಯೂ ಬೆಂಕಿಯಲ್ಲಿ ಹೋಗಿರುವುದರಿಂದ ಈ ಕಟ್ಟಿಗೆ ಕೊಳೆಯುವುದಿಲ್ಲ ಎಂಬ ನಿಜದಿಂದ ಹೊರಟು, ಇದರ ಬಣ್ಣವೂ ಎಂದಿಗೂ ಮಾಸುವುದಿಲ್ಲ ಎಂಬಲ್ಲಿಗೆ ತಲುಪಿದೆ.

ಜಿನ್ನಪ್ಪನವರು ಹಲಗೆಯ ಮೇಲೆ ಕೈಯಾಡಿಸಿ, "ಬಣ್ಣಾನೂ ಹೋಗೂದಿಲ್ಲೇನ್ರಿ? ಪಡುವಣ ಬಿಸಲ ಬೀಳತೈತ್ರಿ ಇಲ್ಲೆ" ಎಂದರು.

"ಒಂದ ವರ್ಷದಾಗ ಈ ಬಣ್ಣ ಹೋತಂದ್ರ ಮೀಸಿ ಬೋಳಸ್ತೀನ್ರಿ!" ಎಂದುಬಿಟ್ಟೆ.

ಸುತ್ತ ನಿಂತವರು ನಕ್ಕರು. ಜಿನ್ನಪ್ಪನವರು ನಗಲಿಲ್ಲ. ನನ್ನ ಮೀಸೆಯನ್ನೊಮ್ಮೆ, ಬಾಕನ್ನೊಮ್ಮೆ ನೋಡಿ, "ನೆನಪ ಇಟ್ಟಿರತೀನ್ರಿ ಸರ" ಎಂದು ಸಾವಧಾನವಾಗಿ ಹೇಳಿ ಕುಳಿತುಕೊಂಡರು.

ಆಮೇಲಿನ ಎರಡು ತಿಂಗಳ ಸಂಜೆಗಳು ಬಹಳ ಚಂದವಾಗಿದ್ದವು. ಇಪ್ಪತ್ತು ವರ್ಷ ನಿಂತೇ ಮಾತಾಡಿದವರಿಗೆ ಕುಳಿತು ಮಾತಾಡುವ ಸುಖ ಸಿಕ್ಕಿತು. ವಿಮಾನ ನೋಡಲು ಕತ್ತೆತ್ತಿದರೆ ಬೆನ್ನಿಗೆ ಆಸರೆಯಿತ್ತು. ಮಳೆ ಶುರುವಾದಾಗ ನೀರು ಹಲಗೆಯ ಮೇಲೆ ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತು ಜಾರಿಹೋಗುವುದನ್ನು ನಾನು ಓಣಿಯವರನ್ನೆಲ್ಲ ಕರೆದು ತೋರಿಸಿದೆ. ಬೆಳಗಾವಿಯ ಮಳೆಗೆ ನಮ್ಮ ಬಾಗಿಲುಗಳೆಲ್ಲ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡರೂ ಬಾಕು ಒಂದು ಕೂದಲಷ್ಟೂ ಅಲುಗಲಿಲ್ಲ. ಮಳೆ ನಿಂತು ದಸರೆಯ ಬಿಸಿಲು ಬಂತು, ದೀಪಾವಳಿಯ ಹೊತ್ತಿಗೆ ಕುಂದಾದ ಬಣ್ಣದ ಮೇಲೆ ಯಾರೋ ವಿಭೂತಿ ಸವರಿದಂತೆ ಕಾಣತೊಡಗಿತು. ಧೂಳಿರಬೇಕೆಂದು ಒರೆಸಿದೆ. ಹೋಗಲಿಲ್ಲ. ಕನ್ನಡಕ ಒರೆಸಿಕೊಂಡೆ. ಆಗಲೂ ಹೋಗಲಿಲ್ಲ.

ಮರುದಿನವೇ ಖಾನಾಪುರದ ಬಸ್ಸು ಹತ್ತಿದೆ. ಪರಶುರಾಮನ ಅಂಗಳದಲ್ಲಿ ಅದೇ ಹಳೆಯ ಬಾಕಿನ ಮೇಲೆ ಕುಳಿತು, ಭಟ್ಟಿಯ ಕಾವು ಸಾಲದೆ ಹೋದುದರಿಂದ ನನ್ನ ಬಾಕು ಬೂದಿಯಾಗುತ್ತಿದೆಯೆಂದು ಗದರಿದೆ. ಅವನು ಹಲಗೆ ಕೀಸುವ ರಂದಾ ಕೆಳಗಿಟ್ಟು ನನ್ನನ್ನು ದಿಟ್ಟಿಸಿ ನೋಡಿದ.

"ಸರ, ನೀವ ಈಗ ಕುಂತಿರಲ್ರಿ, ಅದೂ ಭಟ್ಟ್ಯಾಗಿಂದ ಕಟಗೀನ. ಐದ ಮಳಿ ಕಂಡೈತಿ. ಹೋದ ಸಲಾನೂ ಅದರ ಮ್ಯಾಲೇ ಕುಂತ ನನಗ ಪಾಠಾ ಹೇಳಿದ್ರಿ. ಬಣ್ಣದ ಮಾತ ನಾ ಯಾವಾಗ ಆಡೇನ್ರಿ?"

ನಾನು ಎದ್ದು ನಿಂತು, ಇಷ್ಟು ಹೊತ್ತು ಕುಳಿತಿದ್ದ ಜಾಗವನ್ನು ನೋಡಿದೆ. ಪಾರಿವಾಳದ ರೆಕ್ಕೆಯ ಬೂದುಬಣ್ಣ. ಆದರೆ ಎಲ್ಲಿಯೂ ಸೊಟ್ಟವಿಲ್ಲ, ಕೊಳೆತಿಲ್ಲ, ಮೇಲ್ಮೈಯಲ್ಲಿ ಕೂದಲೆಳೆಯ ನಾಲ್ಕಾರು ಬಿರುಕುಗಳಷ್ಟೇ. ಪುರಾವೆಯ ಮೇಲೆಯೇ ಪೃಷ್ಠವೂರಿ ಕುಳಿತು ನಾನು ಎರಡೆರಡು ಸಲ ಅದನ್ನು ಕಾಣದೆಯೇ ಮಾತಾಡಿದ್ದೆ. ಪರಶುರಾಮ ನನಗೆ ಪಾಠ ಹೇಳುವ ಸರದಿ ಬಂದಿತ್ತು. ಕಟ್ಟಿಗೆಯ ನಾರುಗಳನ್ನು ಹಿಡಿದಿಡುವ ಅಂಟನ್ನು ಬಿಸಿಲು ತಿನ್ನುತ್ತದೆ, ಬಿಸಿಲು ತಿಂದುಳಿದದ್ದನ್ನು ಮಳೆ ತೊಳೆದೊಯ್ಯುತ್ತದೆ, ಬರೀ ನಾರು ಬೂದುಬಣ್ಣಕ್ಕೆ ಉಳಿಯುತ್ತದೆ. ಬೇಯಿಸಿದ್ದಾದರೂ ಅಷ್ಟೇ, ಬೇಯಿಸದ್ದಾದರೂ ಅಷ್ಟೇ. ಅವನು ಆ ಬಾಕಿನ ಒಂದು ಮೂಲೆಯಲ್ಲಿ ರಂದಾವನ್ನು ಒಮ್ಮೆ ಎಳೆದ. ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗೆ ಬೂದು ಸುರುಳಿ ಎದ್ದುಬಂತು, ಅದರ ಕೆಳಗೆ ಕುಂದಾದ ಬಣ್ಣ ಹಾಗೆಯೇ ಇತ್ತು. "ಬಣ್ಣ ಉಳೀಲಿ ಅಂತ ಬೇಯಿಸಿಲ್ರಿ ಸರ, ಬಾಕ ಉಳೀಲಿ ಅಂತ ಬೇಯಿಸೇವಿ. ನೀವ್ಯಾಕ ಇಷ್ಟ ಕಾಳಜಿ ಮಾಡಾಕತ್ತೀರಿ?" ಎಂದು ಕೇಳಿದ. ನಾನು ಮೀಸೆಯ ಮೇಲೆ ಕೈಯಿಟ್ಟುಕೊಂಡು ಬಸ್ಸಿನ ಕಡೆ ನಡೆದೆ.

ಬುದ್ಧಿಯಿದ್ದವನು ಅಲ್ಲಿಗೇ ಸುಮ್ಮನಾಗುತ್ತಿದ್ದ. ನಾನು ಆ ಸುರುಳಿಯಿಂದ ತಪ್ಪು ಪಾಠವನ್ನೇ ಕಲಿತು, ಬರುವಾಗ ಉಸುಕಿನ ಕಾಗದದ ಒಂದು ಕಟ್ಟು ಕೊಂಡುತಂದೆ. ದಿನವೂ ಬೆಳಗಿನ ಜಾವ ಜಿನ್ನಪ್ಪನವರ ಮನೆಯಲ್ಲಿ ನಲ್ಲಿಯ ಸದ್ದಾಗುವ ಮೊದಲೇ ಎದ್ದು ಬಾಕನ್ನು ಉಜ್ಜಿದೆ. ಬೂದು ಹೋಗಿ ಕಂದು ಬಂತು; ವಾರದೊಳಗೆ ಮತ್ತೆ ಮಂಕಾಯಿತು. ಅಗಸೆ ಎಣ್ಣೆ ಹಚ್ಚಿದೆ. ಬಣ್ಣವೇನೋ ಎದ್ದು ಬಂತು, ಅದರೊಂದಿಗೆ ಓಣಿಯ ಧೂಳೂ ಇರುವೆಗಳೂ ಬಂದವು, ಒಂದು ಅಕಾಲಿಕ ಮಳೆಗೆ ಅಲ್ಲಲ್ಲಿ ಕಪ್ಪು ಬೂಷ್ಟೂ ಬಂತು. "ಹಿಂಗ ತಿಕ್ಕಿದ್ರ ಯುಗಾದಿ ಹೊತ್ತಿಗೆ ಬಾಕ ಹೋಗಿ ಪಟ್ಟಿ ಆಗತೈತಿ" ಎಂದಳು ಗಿರಿಜೆ. ಕಡೆಗೆ ಬಿಸಿಲನ್ನೇ ತಡೆಯುವುದೆಂದು ಹಳೆಯದೊಂದು ಜಮಖಾನೆಯನ್ನು ಬಾಕಿನ ಮೇಲೆ ಹೊದಿಸಿ, ಅದರ ಮೇಲೆ ಮಳೆಗೆ ಹೊದಿಸುವ ತಾಡಪತ್ರಿ ಹಾಕಿ, ಹಗ್ಗದಿಂದ ಬಿಗಿದು ಕಟ್ಟಿದೆ.

ಸಂಜೆ ಜಿನ್ನಪ್ಪನವರು ಬಂದು ಹಗ್ಗದ ಗಂಟುಗಳನ್ನು ನೋಡಿದರು. "ಎಣ್ಣಿ ಹಚ್ಚೇನ್ರಿ, ಒಣಗಬೇಕು" ಎಂದೆ. ಸ್ವಲ್ಪ ಹೊತ್ತು ನಿಂತು ಹೋದರು. ಮರುದಿನವೂ ಎಣ್ಣೆ ಒಣಗಿರಲಿಲ್ಲ. ನಾಲ್ಕನೆಯ ದಿನವೂ ಒಣಗಿರಲಿಲ್ಲ. ಜಗತ್ತಿನಲ್ಲಿ ಇಷ್ಟು ನಿಧಾನವಾಗಿ ಒಣಗುವ ಎಣ್ಣೆ ಇರಲು ಸಾಧ್ಯವಿಲ್ಲವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿದ್ದಿರಬೇಕು. ಐದನೆಯ ದಿನದಿಂದ ಅವರು ಬರಲಿಲ್ಲ. ಸಂಜೆ ಅವರು ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಒಬ್ಬರೇ ಕೂತಿರುತ್ತಾರೆಂದು ಗಿರಿಜೆ ಸುದ್ದಿ ತಂದಳು. ನಾನು ವಿಮಾನ ನೋಡಲು ಹೊರಗೆ ಬಂದು, ತಾಡಪತ್ರಿ ಹೊದ್ದ ಬಾಕಿನ ಪಕ್ಕ ಮೊದಲಿನಂತೆ ನಿಂತುಕೊಂಡೆ. ಅದು ಮುಂಬೈಯದೆಂದು ನಾನು ಹೇಳಿದರೆ ಅಲ್ಲವೆನ್ನಲು ಯಾರೂ ಇರಲಿಲ್ಲ. ನನಗೆ ನಿಜವಾಗಿಯೂ ದುಃಖವಾಗುತ್ತಿತ್ತು, ಆದರೆ ಮೀಸೆಯ ಮೇಲೆ ಕೈಹೋದ ಕೂಡಲೇ ದುಃಖವನ್ನು ನುಂಗಿಕೊಳ್ಳುತ್ತಿದ್ದೆ. ಏಪ್ರಿಲ್ ಬರಲು ಇನ್ನು ನಾಲ್ಕೇ ತಿಂಗಳು, ಅಲ್ಲಿಯವರೆಗೆ ತಡೆದುಕೊಂಡರೆ ಸಾಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹೊಸ ವರ್ಷ ಬಂತು. ಹಳೆಯ ಕ್ಯಾಲೆಂಡರು ಇಳಿಸಿದೆ, ಹೊಸದು ಬರಲಿಲ್ಲ. ಒಂದು ವಾರವಾಯಿತು, ಸಂಕ್ರಾಂತಿಯ ಎಳ್ಳುಬೆಲ್ಲ ಎರಡೂ ಮನೆಯ ಹೆಂಗಸರ ಕೈಯಿಂದ ಓಡಾಡಿತು, ಕ್ಯಾಲೆಂಡರು ಬರಲೇ ಇಲ್ಲ. ನಡುಮನೆಯಲ್ಲಿ ಎಲ್ಲಿ ಕುಳಿತರೂ ಆ ತಿಳಿಹಸಿರು ಚೌಕ ನನ್ನನ್ನೇ ನೋಡುತ್ತಿತ್ತು. ಹದಿನೈದನೆಯ ದಿನ ಗಿರಿಜೆ ಊಟಕ್ಕೆ ಬಡಿಸುತ್ತ, "ಬಾಕ ಮಾಡಿಸಿದ್ದು ಜಿನ್ನಪ್ಪಣ್ಣಾರ ಕುಂದರಲಿ ಅಂತೋ, ಜಮಖಾನಿ ಕುಂದರಲಿ ಅಂತೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಲ್ಯ ತರಲು ಒಳಗೆ ಹೋದಳು.

ಊಟ ಮುಗಿಸಿ ಹೋಗಿ ಹಗ್ಗ ಬಿಚ್ಚಿದೆ. ಹೊದಿಕೆ ಮುಚ್ಚಿದಷ್ಟು ಭಾಗ ಕಂದು, ಅದು ನಿಲುಕದ ಎರಡು ತುದಿಗಳೂ ಕಾಲುಗಳೂ ಬೂದು. ಥೇಟು ನನ್ನ ಗೋಡೆಯ ಹಾಗೆಯೇ ಕಾಣುತ್ತಿತ್ತು. ತಾಡಪತ್ರಿಯನ್ನು ಮಡಚಿಟ್ಟು ನೆಟ್ಟಗೆ ಕ್ಷೌರದಂಗಡಿಗೆ ನಡೆದೆ. ನನ್ನ ಕೋರಿಕೆ ಕೇಳಿ ಅಂಗಡಿಯವನ ಕೈಯ ಕತ್ತರಿ ಗಾಳಿಯಲ್ಲೇ ನಿಂತಿತು. "ಸರ, ಮನ್ಯಾಗ ಎಲ್ಲಾರೂ ಅರಾಮ ಅದಾರಲ್ರಿ?" ಎಂದು ಮೆಲ್ಲಗೆ ಕೇಳಿದ. ಅರಾಮಿದ್ದಾರೆಂದರೂ ಅವನಿಗೆ ನಂಬಿಕೆ ಬರಲಿಲ್ಲ. ಇಂಥ ವಯಸ್ಸಿನಲ್ಲಿ ಇಂಥ ಮೀಸೆಯನ್ನು ಸೂತಕವಿಲ್ಲದೆ ಯಾರು ತೆಗೆಸುತ್ತಾರೆ? ಮನೆಗೆ ಬರುವ ದಾರಿಯಲ್ಲಿ ಒಬ್ಬರು ಚಪ್ಪಲಿ ಬಿಟ್ಟು ನಿಂತು ಕೈಮುಗಿದರು, ಇನ್ನೊಬ್ಬರು ತಗ್ಗಿದ ದನಿಯಲ್ಲಿ "ಯಾವಾಗ ಆತ್ರಿ?" ಎಂದರು. ನಾನು ಬರೀ ತಲೆಯಾಡಿಸಿದೆ. ನಲವತ್ತು ವರ್ಷ ಗಾಳಿಯನ್ನೇ ಕಾಣದ ನನ್ನ ಮೇಲ್ದುಟಿಗೆ ಬೆಳಗಾವಿಯ ಜನವರಿಯ ಗಾಳಿ ಸೂಜಿಯಂತೆ ಚುಚ್ಚುತ್ತಿತ್ತು.

ಹೊತ್ತು ಮುಳುಗುವ ವೇಳೆಗೆ ಸರಿಯಾಗಿ ಜಿನ್ನಪ್ಪನವರ ಬಾಗಿಲು ತಟ್ಟಿದೆ. ಊಟ ಮುಗಿಸಿ ಕೈಯೊರೆಸಿಕೊಳ್ಳುತ್ತ ಬಂದವರು ನನ್ನ ಮುಖ ನೋಡಿ ಹೌಹಾರಿದರು. "ಏನಾತ್ರಿ ಸರ? ಯಾರಿಗ್ರಿ?"

"ಯಾರಿಗೂ ಏನೂ ಆಗಿಲ್ರಿ. ಬಾಕದ ಬಣ್ಣ ಹೋತ್ರಿ" ಎಂದೆ.

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ತಪ್ಪು ತಮ್ಮದೇ ಎಂಬ ದನಿಯಲ್ಲಿ ಹೇಳಿದರು: "ನನಗ ಗೊತ್ತಿತ್ರಿ ಸರ. ಮುಂಜಾನೆದ್ದ ನೀವ ತಿಕ್ಕೂದು ಮ್ಯಾಲಿನ ಕಿಡಕ್ಯಾಗಿಂದ ಕಾಣತಿತ್ತು. ನಾ ಬಂದ್ರ ಹೊದಿಕಿ ಹೊರಗಿನ ತುದೀದ ಬಣ್ಣ ಕಣ್ಣಿಗೆ ಬೀಳತೈತಿ. ಬಿದ್ದ ಮ್ಯಾಲೆ ಕಂಡಿಲ್ಲ ಅನ್ನಾಕ ನನಗ ಬರೂದಿಲ್ಲ. ನಿಮ್ಮ ಮೀಸಿ ಉಳೀಲಿ ಅಂತ ನಾನ ಬರೂದ ಬಿಟ್ಟೆ. ಕ್ಯಾಲೆಂಡರ ಕೊಡಾಕ ಬರಬೇಕಂದ್ರೂ ಆ ಬಾಕ ದಾಟೇ ಬರಬೇಕಲ್ರಿ!"

ಬಣ್ಣ ಅವರ ಕಣ್ಣಿಗೆ ಬೀಳಬಾರದೆಂದು ನಾನು ಬಾಕನ್ನು ಮುಚ್ಚಿದ್ದೆ. ಅವರು ನನ್ನ ಸಲುವಾಗಿ ಒಂದೂವರೆ ತಿಂಗಳು ಗಿರಣಿಯ ಕಟ್ಟೆಯ ಮೇಲೆ ಹಿಟ್ಟು ಮೆತ್ತಿಸಿಕೊಂಡು ಒಬ್ಬರೇ ಕೂತಿದ್ದರು. ಮೀಸೆಯಿದ್ದಿದ್ದರೆ ತುಟಿ ನಡುಗಿದ್ದು ಅವರಿಗೆ ಕಾಣುತ್ತಿರಲಿಲ್ಲ.

ಇಬ್ಬರೂ ಹೋಗಿ ಬಾಕಿನ ಮೇಲೆ ಕುಳಿತೆವು. ಜಿನ್ನಪ್ಪನವರು ಹಲಗೆಯ ಕಂದು ಭಾಗವನ್ನೂ ಬೂದು ತುದಿಯನ್ನೂ ಕೈಯಿಂದ ಸವರಿ, ಬಗ್ಗಿ ಕಾಲಿನ ಸಂದುಗಳನ್ನು ಪರೀಕ್ಷಿಸಿ, "ಮಾವಿನ ಕಟಗಿ ಖರೇನ ತಡದೈತ್ರಿ. ಆ ಮಾತಿನಾಗ ನಾ ಸೋತೆ" ಎಂದು ಒಪ್ಪಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಮೂಗಿನ ಕೆಳಗೆ ಬೆಳ್ಳಗೆ ಹೊಳೆಯುತ್ತಿದ್ದ ಪಟ್ಟಿಯನ್ನು ಅಷ್ಟೇ ಶ್ರದ್ಧೆಯಿಂದ ನೋಡಿದರು. "ದಿನಾ ಸಂಜಿ ಮುಂದ ಇಲ್ಲೇ ಬಿಸಲಿಗೆ ಕುಂದರ್ರಿ ಸರ. ಮುಂದಿನ ಮಳಿ ಬರೂದ್ರಾಗ ಬಾಕದ್ದೂ ನಿಮ್ದೂ ಬಣ್ಣ ಕೂಡತಾವು." ಅಷ್ಟರಲ್ಲಿ ವಿಮಾನ ಬಂತು. ಮುಂಬೈಯದೆಂದು ನಾನೆಂದೆ, ಹೈದರಾಬಾದಿನದೆಂದು ಅವರೆಂದರು. ಆಣೆ ಹಾಕಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಕ್ಯಾಲೆಂಡರನ್ನು ಅವರು ಮರುದಿನ ತಂದರು. ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಾನೆ, ಅವನು ಆ ಸಲ ಅಳತೆ ಕಡಿಮೆ ಮಾಡಿಸಿದ್ದ. ಅದೇ ಮೊಳೆಗೆ ತೂಗುಹಾಕಿದರೆ ಎರಡೂ ಬದಿಗೆ ಎರಡೆರಡು ಬೆರಳು ತಿಳಿಹಸಿರು ಹೊರಗೆ ಇಣುಕಿತು. ಜಿನ್ನಪ್ಪನವರು ದೂರ ನಿಂತು ನೋಡಿ, "ಸಣ್ಣದ ಆತಲ್ರಿ ಸರ. ಬಣ್ಣ ಕಾಣಾಕತ್ತೈತಿ. ಹೋದ ವರ್ಷದ ಅಳತೀದ ಯಾರದರ ಅಂಗಡ್ಯಾಗ ಕೇಳಿ ತರಲೇನ್ರಿ?" ಎಂದು ಪೇಚಾಡಿಕೊಂಡರು.

"ಕಾಣಲಿ ಬಿಡ್ರಿ" ಎಂದೆ. "ವಿಮಾನ ಬರೂ ಹೊತ್ತಾತು, ಬರ್ರಿ, ಹೊರಗ ಕುಂದರೂಣು."